ಹಸು ತಿಂದದ್ದೆಲ್ಲ ಹಾಲಿಗೆ ಬರುವುದೇ?

ಕೊಟ್ಟಿಗೆಯ ಮೇವು, ಲವಣ ಮಿಶ್ರಣ ಮತ್ತು ಹಾಲಿನ ಸತ್ವದ ಬಗ್ಗೆ ಕೆಲವು ವಿಚಾರಗಳು

ಕಾಫಿ, ಅಡಿಕೆ ಬೆಳೆಯುವ ನಮ್ಮಂಥ ಸಣ್ಣ ಹಿಡುವಳಿದಾರರಿಗೆ ಕೊಟ್ಟಿಗೆಯಿಲ್ಲದ ತೋಟ ಎಂಬುದಿಲ್ಲ. ಹಿಂದಿನವರು ದನ ಸಾಕಿದ್ದು ಮುಖ್ಯವಾಗಿ ಗೊಬ್ಬರಕ್ಕಾಗಿ. ಮಲೆನಾಡು ಗಿಡ್ಡ ತಳಿಯ ಹಸುಗಳು ಬೆಳಿಗ್ಗೆ ಗುಡ್ಡಕ್ಕೆ ಹೋಗಿ, ಹತ್ತಾರು ಬಗೆಯ ಹುಲ್ಲು ಸೊಪ್ಪು ಮೇಯ್ದು, ಸಂಜೆ ತಾವಾಗಿ ಮನೆಗೆ ಬರುತ್ತಿದ್ದವು. ಅವು ಕೊಡುತ್ತಿದ್ದ ಹಾಲು ಒಂದೆರಡು ಲೀಟರು. ಈಗ ಕಾಲ ಬದಲಾಗಿದೆ. ಗೋಮಾಳ ಕಡಿಮೆಯಾಯಿತು, ಮೇಯಿಸುವ ಜನ ಸಿಗುವುದಿಲ್ಲ. ಕೊಟ್ಟಿಗೆಯಲ್ಲಿ ಕಟ್ಟಿ ಸಾಕುವ ಮಿಶ್ರತಳಿ ಹಸುಗಳು ಬಂದಿವೆ. ದಿನಕ್ಕೆ ಎಂಟು ಹತ್ತು ಲೀಟರು ಹಾಲು ಡೈರಿಗೆ ಹೋಗುತ್ತದೆ. ವರ್ಷಕ್ಕೊಮ್ಮೆ ಫಸಲಿನ ಹಣ ಕಾಣುವ ನಮಗೆ ವಾರ ವಾರ ಕೈಗೆ ಬರುವ ಈ ಹಾಲಿನ ಹಣ ಸಣ್ಣದಲ್ಲ.

ಹೀಗಿರುವಾಗ ಸಂಘದ ಕಛೇರಿಗೆ ಬರುವ ಸದಸ್ಯರಲ್ಲಿ ಅನೇಕರು ಕೇಳುವ ಪ್ರಶ್ನೆ ಒಂದೇ: “ಯಾವ ಬಾಟಲಿ ಕುಡಿಸಿದರೆ ಹಾಲು ಗಟ್ಟಿಯಾಗುತ್ತದೆ?” ಕ್ಯಾಲ್ಸಿಯಂ ಕುಡಿಸಿದರೆ ಹಾಲಿನಲ್ಲಿ ಕ್ಯಾಲ್ಸಿಯಂ ಹೆಚ್ಚುತ್ತದೆ, ಡಿಗ್ರಿ ಏರುತ್ತದೆ, ಮಕ್ಕಳಿಗೂ ಒಳ್ಳೆಯದು ಎಂಬ ನಂಬಿಕೆ ಬಹಳ ಮಂದಿಯಲ್ಲಿದೆ. ಇನ್ನು ಕೆಲವರ ವಾದ ಇದಕ್ಕೆ ವಿರುದ್ಧ: “ಡೈರಿಯ ಚೀಟಿಯಲ್ಲಿ ಹಾಲು ಸರಿಯಾಗಿಯೇ ಬರುತ್ತಿದೆ, ಹಾಗಾದರೆ ಲವಣ ಮಿಶ್ರಣದ ಖರ್ಚು ಏಕೆ?” ಈ ಎರಡು ಮಾತುಗಳಲ್ಲೂ ತಪ್ಪಿದೆ. ಹಾಲಿನ ಕೆಲವು ಅಂಶಗಳು ಮೇವಿನ ಪ್ರಕಾರ ಬದಲಾಗುತ್ತವೆ. ಕೆಲವು ಏನು ಮಾಡಿದರೂ ಬದಲಾಗುವುದಿಲ್ಲ. ಬದಲಾಗದಿರುವ ಅಂಶಗಳಿಗಾಗಿ ಬೆಲೆ ತೆರುವುದು ಹಸುವಿನ ಮೈ. ಯಾವುದು ಯಾವ ಗುಂಪಿಗೆ ಸೇರಿದ್ದು ಎಂದು ತಿಳಿದಿದ್ದರೆ ನಮ್ಮ ಹಣವೂ ಉಳಿಯುತ್ತದೆ, ಹಸುವೂ ಉಳಿಯುತ್ತದೆ.

ಹಾಲಿನೊಳಗಿನ ಸುಣ್ಣ

ಒಂದು ಲೀಟರು ಹಸುವಿನ ಹಾಲಿನಲ್ಲಿ ಸುಮಾರು 900 ಗ್ರಾಂ ನೀರು. ಉಳಿದುದರಲ್ಲಿ ಹಾಲುಸಕ್ಕರೆ 45ರಿಂದ 48 ಗ್ರಾಂ, ಜಿಡ್ಡು 35ರಿಂದ 45 ಗ್ರಾಂ, ಸಸಾರಜನಕ 32ರಿಂದ 35 ಗ್ರಾಂ, ಎಲ್ಲ ಲವಣಗಳೂ ಸೇರಿ 7 ಗ್ರಾಂ. ಈ ಲವಣಗಳಲ್ಲಿ ಕ್ಯಾಲ್ಸಿಯಂ, ಅಂದರೆ ಸುಣ್ಣದ ಅಂಶ, 1.2 ಗ್ರಾಂ ಆಸುಪಾಸು. ರಂಜಕ ಒಂದು ಗ್ರಾಂಗೆ ಸ್ವಲ್ಪ ಕಡಿಮೆ.

ಈ 1.2 ಗ್ರಾಂ ಎಂಬುದು ಹೆಚ್ಚು ಕಡಿಮೆ ನಿಶ್ಚಿತವಾದ ಲೆಕ್ಕ. ಹಾಲಿನ ಸಸಾರಜನಕದಲ್ಲಿ ಬಹುಪಾಲು ಕೇಸೀನ್ ಎಂಬ ವಸ್ತು. ಹಾಲು ಒಡೆದಾಗ ಗಟ್ಟಿಯಾಗಿ ಬೇರ್ಪಡುವುದು ಇದೇ. ಹಾಲಿನ ಸುಣ್ಣ ಮತ್ತು ರಂಜಕಗಳಲ್ಲಿ ದೊಡ್ಡ ಪಾಲು ಈ ಕೇಸೀನಿನ ಕಣಗಳೊಂದಿಗೆ ಕಟ್ಟಿಕೊಂಡಿರುತ್ತದೆ. ಆದುದರಿಂದ ಕೇಸೀನ್ ಇದ್ದಷ್ಟು ಸುಣ್ಣ. ಜರ್ಸಿ ಹಸುವಿನ ಹಾಲಿನಲ್ಲಿ ಸಸಾರಜನಕ ಹೆಚ್ಚಿರುವುದರಿಂದ ಸುಣ್ಣವೂ ಸ್ವಲ್ಪ ಹೆಚ್ಚು, ಎಚ್.ಎಫ್. ಹಸುವಿನದರಲ್ಲಿ ಸ್ವಲ್ಪ ಕಡಿಮೆ. ಇದು ತಳಿಯ ಗುಣವೇ ಹೊರತು ಬಾಟಲಿಯ ಗುಣವಲ್ಲ. ಕೆಚ್ಚಲು ತನಗೆ ಬೇಕಾದಷ್ಟನ್ನು ಮಾತ್ರ ರಕ್ತದಿಂದ ಎಳೆದುಕೊಳ್ಳುತ್ತದೆ. ನಾವು ಎರಡರಷ್ಟು ಕ್ಯಾಲ್ಸಿಯಂ ಕುಡಿಸಿದರೂ ಹಾಲಿಗೆ ಎರಡರಷ್ಟು ಹೋಗುವುದಿಲ್ಲ. ಹೆಚ್ಚಾದದ್ದು ಸೆಗಣಿಯಲ್ಲಿ ಹೊರಬೀಳುತ್ತದೆ.

ಕುಡಿಸದಿದ್ದರೆ ಏನಾಗುತ್ತದೆ? ಆಗಲೂ ಹಾಲಿನ ಸುಣ್ಣ ಕಡಿಮೆಯಾಗುವುದಿಲ್ಲ. ಒಂದು ಹಸುವಿನ ರಕ್ತದಲ್ಲಿ ಒಂದು ಹೊತ್ತಿಗೆ ಹರಿದಾಡುವ ಕ್ಯಾಲ್ಸಿಯಂ ಸುಮಾರು 3 ಗ್ರಾಂ ಮಾತ್ರ. ಹತ್ತು ಲೀಟರು ಹಾಲು ಕೊಡುವ ಹಸು ದಿನವೂ ಹಾಲಿನಲ್ಲಿ 12 ಗ್ರಾಂ ಹೊರಹಾಕುತ್ತದೆ. ಮೇವಿನಲ್ಲಿ ಸಾಕಷ್ಟು ಸಿಗದಿದ್ದರೆ ಹಸು ಅದನ್ನು ತನ್ನ ಎಲುಬಿನಿಂದ ಕರಗಿಸಿ ತೆಗೆಯುತ್ತದೆ. ಒಂದು ಸೂಲಿನಲ್ಲಿ 300 ದಿನ, ದಿನಕ್ಕೆ ಸರಾಸರಿ ಹತ್ತು ಲೀಟರು ಎಂದು ಹಿಡಿದರೆ ಹೊರಹೋಗುವ ಸುಣ್ಣದ ಅಂಶ 3 ಕಿಲೋ 600 ಗ್ರಾಂ. 400 ಕಿಲೋ ತೂಗುವ ಹಸುವಿನ ಇಡೀ ಮೈಯಲ್ಲಿರುವುದೇ ಐದೂವರೆ ಕಿಲೋ ಆಸುಪಾಸು. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ವಿಷಯ ತಾನಾಗಿ ಅರ್ಥವಾಗುತ್ತದೆ.

ಕಾಫಿ ಬೆಳೆಗಾರರಿಗೆ ಇದು ಹೊಸ ಸಂಗತಿಯೇನಲ್ಲ. ಫಸಲು ವಿಪರೀತ ಬಂದ ವರ್ಷ ಅರೇಬಿಕಾ ಗಿಡ ಎಲೆ ಉದುರಿಸಿ ರೆಂಬೆಯ ತುದಿ ಒಣಗಿಸಿಕೊಳ್ಳುತ್ತದೆ. ಆ ವರ್ಷದ ಕಾಯಿ ನೋಡಿದವರಿಗೆ ಗಿಡ ಸೊರಗುತ್ತಿದೆ ಎಂದು ತಿಳಿಯದು. ತಿಳಿಯುವುದು ಮುಂದಿನ ವರ್ಷ. ಹಸುವಿನ ವಿಷಯವೂ ಹೀಗೆಯೇ. ಹಾಲು ಹಸುವಿನ ಆರೋಗ್ಯಕ್ಕೆ ಕನ್ನಡಿಯಲ್ಲ. ಹಸು ತಾನು ಸವೆದು ಹಾಲನ್ನು ಸರಿಯಾಗಿಡುತ್ತದೆ.

ಕರು ಹಾಕುವ ಮುಂಚಿನ ಮೂರು ವಾರ

ಹೆಚ್ಚು ಹಾಲು ಕೊಡುವ ಹಸು, ಅದರಲ್ಲೂ ಮೂರನೆಯ ಸೂಲಿನ ನಂತರದ್ದು, ಕರು ಹಾಕಿದ ಒಂದೆರಡು ದಿನದಲ್ಲಿ ಕಾಲು ತಣ್ಣಗಾಗಿ, ಕತ್ತನ್ನು ಪಕ್ಕೆಗೆ ತಿರುಗಿಸಿ ಮಲಗಿಬಿಡುವುದನ್ನು ನಾವು ಕಂಡಿದ್ದೇವೆ. ಇದೇ ಹಾಲುಜ್ವರ. ಹೆಸರಿನಲ್ಲಿ ಜ್ವರವಿದ್ದರೂ ಮೈ ಬಿಸಿಯಿರುವುದಿಲ್ಲ. ಗಿಣ್ಣುಹಾಲಿನಲ್ಲಿ ಸಾಮಾನ್ಯ ಹಾಲಿನ ಸುಮಾರು ಎರಡರಷ್ಟು ಸುಣ್ಣವಿರುತ್ತದೆ. ಇದ್ದಕ್ಕಿದ್ದಂತೆ ಅಷ್ಟು ಸುಣ್ಣ ಕೆಚ್ಚಲಿಗೆ ಇಳಿದಾಗ ರಕ್ತದಲ್ಲಿ ಅದು ಬರಿದಾಗಿ ಸ್ನಾಯುಗಳು ಕೆಲಸ ನಿಲ್ಲಿಸುತ್ತವೆ. ತಡಮಾಡಿದರೆ ಹಸು ಸಾಯುತ್ತದೆ. ಪಶುವೈದ್ಯರು ಬಂದು ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಅನೇಕ ಹಸುಗಳು ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತವೆ. ಬಿದ್ದ ಹಸುವಿನ ಬಾಯಿಗೆ ಬಾಟಲಿ ಹೊಯ್ಯಬಾರದು. ನುಂಗಲಾರದ ಸ್ಥಿತಿಯಲ್ಲಿ ಔಷಧ ಶ್ವಾಸಕೋಶಕ್ಕೆ ಹೋಗುತ್ತದೆ.

ಇದನ್ನು ತಪ್ಪಿಸಲೆಂದು ಗಬ್ಬದ ಕೊನೆಯ ತಿಂಗಳು ಪೂರ್ತಿ ಕ್ಯಾಲ್ಸಿಯಂ ಕುಡಿಸುವ ರೂಢಿ ನಮ್ಮಲ್ಲಿ ಬೆಳೆದಿದೆ. ಪರಿಣಾಮ ಉಲ್ಟಾ ಆಗುತ್ತದೆ. ಬಾಯಿಗೆ ಧಾರಾಳವಾಗಿ ಸಿಗುತ್ತಿರುವಾಗ ಎಲುಬಿನಿಂದ ಸುಣ್ಣ ತೆಗೆಯುವ ವ್ಯವಸ್ಥೆ ಮಲಗಿಬಿಡುತ್ತದೆ. ಕರು ಹಾಕಿದ ದಿನ ಅದು ತಟ್ಟನೆ ಎಚ್ಚರಗೊಳ್ಳುವುದಿಲ್ಲ. ಎರಡು ಮೂರು ದಿನ ಬೇಕಾಗುತ್ತದೆ. ಆ ಎರಡು ಮೂರು ದಿನಗಳಲ್ಲೇ ಅಪಾಯ. ಆದುದರಿಂದ ಕರು ಹಾಕುವ ಮುಂಚಿನ ಎರಡು ಮೂರು ವಾರ ಹೆಚ್ಚುವರಿ ಕ್ಯಾಲ್ಸಿಯಂ ನಿಲ್ಲಿಸಿ, ಕರು ಹಾಕುವ ಹೊತ್ತಿಗೆ ಮತ್ತು ಆಮೇಲೆ ಕೊಡುವುದು ಸರಿಯಾದ ಕ್ರಮ. ಹಿಂದಿನ ಸೂಲಿನಲ್ಲಿ ಒಮ್ಮೆ ಬಿದ್ದ ಹಸುವಾಗಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿರಬೇಕು.

ನಮ್ಮ ಮಣ್ಣು, ನಮ್ಮ ಹುಲ್ಲು

ಮಲೆನಾಡಿನ ಮಳೆ ಮಣ್ಣಿನಿಂದ ಸುಣ್ಣ, ಮೆಗ್ನೀಸಿಯಂ, ಪೊಟ್ಯಾಷುಗಳನ್ನು ತೊಳೆದು ಹೊಳೆಗೆ ಸೇರಿಸುತ್ತದೆ. ಉಳಿದ ಹುಳಿ ಮಣ್ಣಿನಲ್ಲಿ ರಂಜಕವಿದ್ದರೂ ಕಬ್ಬಿಣ, ಅಲ್ಯೂಮಿನಿಯಂಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ತೋಟಕ್ಕೆ ಸುಣ್ಣ, ರಂಜಕ ಹಾಕುವ ನಾವು ಅದೇ ಮಣ್ಣಿನ ಗುಡ್ಡದ ಹುಲ್ಲಿಗೆ ಏನನ್ನೂ ಹಾಕುವುದಿಲ್ಲ. ಹುಲ್ಲು ಹಸಿರಾಗಿ, ಸೊಂಪಾಗಿ ಕಂಡರೂ ಅದರಲ್ಲಿ ಲವಣಗಳ ಬಡತನವಿರುತ್ತದೆ.

ಬಯಲುಸೀಮೆಯಿಂದ ಲಾರಿಯಲ್ಲಿ ತರಿಸುವ ಬೈಹುಲ್ಲಿನ ಕಥೆಯೂ ಹೆಚ್ಚು ಭಿನ್ನವಲ್ಲ. ಅದರಲ್ಲಿ ರಂಜಕ ಬಹಳ ಕಡಿಮೆ. ಇರುವ ಸುಣ್ಣವನ್ನೂ ಆಕ್ಸಲೇಟ್ ಎಂಬ ಆಮ್ಲಾಂಶ ಕಟ್ಟಿಹಾಕಿರುವುದರಿಂದ ಹಸುವಿಗೆ ಪೂರ್ತಿ ದಕ್ಕುವುದಿಲ್ಲ. ನೇಪಿಯರ್ ಹುಲ್ಲಿನಲ್ಲೂ ಈ ಆಕ್ಸಲೇಟ್ ಇದೆ. ತೌಡಿನಲ್ಲಿ ಇದರ ವಿರುದ್ಧ: ಒಂದು ಕಿಲೋ ತೌಡಿನಲ್ಲಿ ರಂಜಕ ಹತ್ತು ಗ್ರಾಂಗೂ ಹೆಚ್ಚು, ಸುಣ್ಣ ಒಂದು ಗ್ರಾಂ ಆಸುಪಾಸು. ಹಾಲುವಾಣ, ಗ್ಲಿರಿಸಿಡಿಯಾ, ಅಲಸಂದೆ ಮುಂತಾದ ದ್ವಿದಳ ಜಾತಿಯ ಸೊಪ್ಪುಗಳಲ್ಲಿ ಸುಣ್ಣ ಮತ್ತು ಸಸಾರಜನಕ ಚೆನ್ನಾಗಿದೆ, ರಂಜಕ ಸಾಲದು. ಹೀಗಾಗಿ ಬೈಹುಲ್ಲಿನ ಜೊತೆಗೆ ಸ್ವಲ್ಪ ಸೊಪ್ಪು, ಸ್ವಲ್ಪ ತೌಡು ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಬೇಲಿಯ ಗ್ಲಿರಿಸಿಡಿಯಾ ಸೊಪ್ಪನ್ನು ಒಂದು ದಿನ ಬಾಡಿಸಿ ಹಾಕಿದರೆ ಹಸು ಬೇಗ ಒಗ್ಗಿಕೊಳ್ಳುತ್ತದೆ. ಅಡಿಕೆ ಹಾಳೆಯನ್ನು ಕತ್ತರಿಸಿ ಹಾಕುವವರು ಅದನ್ನು ಬೈಹುಲ್ಲಿಗೆ ಬದಲು ಎಂದು ಮಾತ್ರ ತಿಳಿಯಬೇಕು. ಹೊಟ್ಟೆ ತುಂಬುತ್ತದೆ, ನಾರು ಸಿಗುತ್ತದೆ. ಸಸಾರಜನಕ, ಲವಣಗಳು ಬೇರೆಡೆಯಿಂದ ಬರಬೇಕು.

ರಂಜಕ ಕಡಿಮೆಯಾದ ದನ ಗೋಡೆ ನೆಕ್ಕುತ್ತದೆ, ಬಟ್ಟೆ ಅಗಿಯುತ್ತದೆ, ಗುಡ್ಡದಲ್ಲಿ ಬಿದ್ದ ಮೂಳೆ ಕಡಿಯುತ್ತದೆ. 1920ರ ದಶಕದಲ್ಲಿ ದಕ್ಷಿಣ ಆಫ್ರಿಕದಲ್ಲಿ ಸಾವಿರಾರು ದನಗಳು ಹೀಗೆ ಸತ್ತ ಪ್ರಾಣಿಗಳ ಮೂಳೆ ಕಡಿದು, ಅದರಲ್ಲಿದ್ದ ವಿಷದಿಂದ ಕೈಕಾಲು ಸೋತು ಸಾಯುತ್ತಿದ್ದವು. ಆರ್ನಾಲ್ಡ್ ಥೈಲರ್ ಎಂಬ ಪಶುವಿಜ್ಞಾನಿ ಇದರ ಮೂಲ ಹುಲ್ಲಿನಲ್ಲಿನ ರಂಜಕದ ಕೊರತೆ ಎಂದು ತೋರಿಸಿಕೊಟ್ಟರು. ರಂಜಕ ಕೊಟ್ಟಾಗ ಮೂಳೆಯ ಹಂಬಲವೇ ಹೋಯಿತು. ನಮ್ಮ ಕೊಟ್ಟಿಗೆಯ ದನ ಬಟ್ಟೆ ಅಗಿಯುತ್ತಿದ್ದರೆ ಅದನ್ನು ಕೆಟ್ಟ ಚಾಳಿ ಎಂದು ಗದರಿಸಿ ಸುಮ್ಮನಾಗಬಾರದು.

ಇಲ್ಲೊಂದು ಎಚ್ಚರಿಕೆಯ ಮಾತು. ಗೊಬ್ಬರದ ಉಗ್ರಾಣದಲ್ಲಿ ರಾಕ್ ಫಾಸ್ಫೇಟ್ ಇದೆ, ಅದರಲ್ಲೂ ರಂಜಕವೇ ಇರುವುದು ಎಂದು ಅದನ್ನು ದನಕ್ಕೆ ಹಾಕಬಾರದು. ಅದರಲ್ಲಿರುವ ಫ್ಲೋರಿನ್ ಅಂಶ ಹಲ್ಲು, ಎಲುಬುಗಳನ್ನು ಶಾಶ್ವತವಾಗಿ ಕೆಡಿಸುತ್ತದೆ. ಎಲುಬಿನ ಪುಡಿ ಕೂಡ ಈಗ ಹಾಲಿನ ದನಗಳಿಗೆ ಸಲ್ಲದು. ತೋಟದ ಗೊಬ್ಬರ ತೋಟಕ್ಕೆ, ದನದ ಲವಣ ದನಕ್ಕೆ.

ಜಿಡ್ಡು ಮತ್ತು ಡಿಗ್ರಿ

ಇನ್ನು ಮೇವಿನಿಂದ ನಿಜವಾಗಿ ಬದಲಾಗುವ ಅಂಶಗಳಿಗೆ ಬರೋಣ. ಇವುಗಳಲ್ಲಿ ಮೊದಲನೆಯದು ಜಿಡ್ಡು. ಹಸುವಿನ ನಾಲ್ಕು ಕೋಣೆಯ ಹೊಟ್ಟೆಯಲ್ಲಿ ಮೊದಲನೆಯದು ಒಂದು ದೊಡ್ಡ ಹುದುಗು ಪಾತ್ರೆಯಿದ್ದಂತೆ. ಅಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ನಾರನ್ನು ಕೊಳೆಸಿ ಅಸಿಟಿಕ್ ಆಮ್ಲ ಮಾಡುತ್ತವೆ. ಕೆಚ್ಚಲಿನಲ್ಲಿ ಹಾಲಿನ ಜಿಡ್ಡು ತಯಾರಾಗುವುದು ಬಹುಮಟ್ಟಿಗೆ ಈ ಆಮ್ಲದಿಂದ. ಆದುದರಿಂದ ಜಿಡ್ಡಿನ ಮೂಲ ಎಣ್ಣೆಯಲ್ಲ, ನಾರು.

ಮುಂಗಾರಿನ ಮೊದಲ ಎಳೆಹುಲ್ಲು ಬಂದಾಗ ಹಾಲು ಹೆಚ್ಚಿ ಜಿಡ್ಡು ಇಳಿಯುವುದು ಇದೇ ಕಾರಣಕ್ಕೆ. ಎಳೆಹುಲ್ಲಿನಲ್ಲಿ ನೀರು ಹೆಚ್ಚು, ನಾರು ಕಡಿಮೆ. ಆ ದಿನಗಳಲ್ಲಿ ಮಳೆಯಲ್ಲಿ ನೆನೆದ ಹಸಿಹುಲ್ಲನ್ನೇ ಗೋದಲಿಗೆ ತುಂಬದೆ, ಮೊದಲು ಎರಡು ಮೂರು ಕಿಲೋ ಒಣಹುಲ್ಲು ಕೊಟ್ಟು ಆಮೇಲೆ ಹಸಿಹುಲ್ಲು ಹಾಕಬೇಕು. ಹಿಂಡಿ ಹೆಚ್ಚಿಸಿ ಹುಲ್ಲು ಕಡಿಮೆ ಮಾಡಿದರೂ ಜಿಡ್ಡು ಇಳಿಯುತ್ತದೆ. ಹುಲ್ಲನ್ನು ಪುಡಿಯಂತೆ ಸಣ್ಣಗೆ ಕತ್ತರಿಸಿದರೆ ಹಸು ಮೆಲುಕು ಹಾಕುವುದು ಕಡಿಮೆಯಾಗಿ ಅದೇ ಫಲ. ಎರಡು ಮೂರು ಅಂಗುಲದ ತುಂಡುಗಳು ಸಾಕು. ಜಿಡ್ಡು ಬರಲೆಂದು ಎಣ್ಣೆ ಕುಡಿಸುವುದೂ ಸರಿಯಲ್ಲ. ಹೆಚ್ಚಾದ ಎಣ್ಣೆ ನಾರು ಕೊಳೆಸುವ ಸೂಕ್ಷ್ಮಜೀವಿಗಳನ್ನೇ ಕೊಲ್ಲುತ್ತದೆ.

ಮೇವಿಗೆ ಸಂಬಂಧವಿಲ್ಲದ ಇನ್ನೊಂದು ಅಂಶವನ್ನೂ ಇಲ್ಲೇ ಹೇಳಬಹುದು. ಒಂದೇ ಹಿಂಡಿಕೆಯಲ್ಲಿ ಮೊದಲ ಹಾಲಿನಲ್ಲಿ ಜಿಡ್ಡು ಕಡಿಮೆ, ಕೊನೆಯ ಹಾಲಿನಲ್ಲಿ ಬಹಳ ಹೆಚ್ಚು. ಕೊನೆಗೆ ಕರುವನ್ನು ಬಿಡುವವರ ಮನೆಯಲ್ಲಿ ಜಿಡ್ಡು ಕರುವಿನ ಹೊಟ್ಟೆಗೆ ಹೋಗುತ್ತದೆ, ಡೈರಿಯ ಪಾತ್ರೆಗೆ ತೆಳುಹಾಲು ಬರುತ್ತದೆ. ಕರುವಿನ ಪಾಲನ್ನು ಮೊದಲೇ ಕೊಟ್ಟು, ಉಳಿದುದನ್ನು ಪೂರ್ತಿ ಹಿಂಡಿದರೆ ಚೀಟಿಯಲ್ಲಿ ವ್ಯತ್ಯಾಸ ಕಾಣುತ್ತದೆ.

ಡಿಗ್ರಿ ಎಂದು ನಾವು ಕರೆಯುವುದು ಜಿಡ್ಡು ಬಿಟ್ಟು ಉಳಿದ ಘನಾಂಶಕ್ಕೆ ಸಂಬಂಧಿಸಿದ್ದು. ಇದರಲ್ಲಿ ಹಾಲುಸಕ್ಕರೆ ಹೆಚ್ಚು ಬದಲಾಗದು. ಬದಲಾಗುವುದು ಸಸಾರಜನಕ, ಅದೂ ಸ್ವಲ್ಪ ಮಾತ್ರ. ಹೊಟ್ಟೆಗೆ ಸಾಲದ ಹಸುವಿನಲ್ಲಿ ಅದು ಇಳಿಯುತ್ತದೆ. ಜೋಳ, ತೌಡಿನಂಥ ಶಕ್ತಿ ಕೊಡುವ ಆಹಾರ ಸಾಕಷ್ಟು ದೊರೆತಾಗ ತನ್ನ ಮಟ್ಟಕ್ಕೆ ಬರುತ್ತದೆ. ಹಸುವಿನ ಮೈಪೋಷಣೆಗೆ ಒಂದೂವರೆ ಕಿಲೋ, ಆಮೇಲೆ ಪ್ರತಿ ಎರಡೂವರೆ ಲೀಟರು ಹಾಲಿಗೆ ಒಂದು ಕಿಲೋ ಹಿಂಡಿ ಎಂಬ ಹಳೆಯ ಲೆಕ್ಕ ಇಂದಿಗೂ ಉಪಯುಕ್ತ. ಡಿಗ್ರಿ ಒಮ್ಮೆಲೇ ಇಳಿದು ಹಾಲು ಉಪ್ಪುಪ್ಪಾಗಿದ್ದರೆ ಮೇವನ್ನು ದೂರಬೇಡಿ. ಕೆಚ್ಚಲುಬಾವಿನಲ್ಲಿ ಹಾಲುಸಕ್ಕರೆ ಇಳಿದು ಉಪ್ಪಿನಂಶ ಏರುತ್ತದೆ. ಅದಕ್ಕೆ ಬೇಕಾದುದು ಚಿಕಿತ್ಸೆ, ಬಾಟಲಿಯಲ್ಲ.

ಬಣ್ಣ ಮತ್ತು ತುಪ್ಪ

ಹಸುವಿನ ಹಾಲು, ಬೆಣ್ಣೆಗಳ ಹಳದಿ ಬಣ್ಣ ಬರುವುದು ಹಸಿರು ಮೇವಿನ ಕ್ಯಾರೊಟಿನ್ ಎಂಬ ವಸ್ತುವಿನಿಂದ. ನಮ್ಮ ಮೈಯಲ್ಲಿ ಅದು ‘ಎ’ ಜೀವಸತ್ವವಾಗುತ್ತದೆ. ಬೇಸಿಗೆಯಲ್ಲಿ ಬರಿಯ ಬೈಹುಲ್ಲು ತಿಂದ ಹಸುವಿನ ಬೆಣ್ಣೆ ಬಿಳಿಚಿಕೊಳ್ಳುವುದು ಎಲ್ಲ ಗೃಹಿಣಿಯರಿಗೂ ಗೊತ್ತು. ದಿನಕ್ಕೆ ಒಂದೆರಡು ಕಟ್ಟು ಹಸಿರು ಸಿಕ್ಕರೂ ವ್ಯತ್ಯಾಸವಾಗುತ್ತದೆ. ಹಸಿಹುಲ್ಲು ತಿಂದ ಹಸುವಿನ ಹಾಲಿನಲ್ಲಿ ‘ಇ’ ಜೀವಸತ್ವವೂ, ಹೃದಯಕ್ಕೆ ಹಿತವೆಂದು ಹೇಳುವ ಒಮೇಗಾ-3 ಬಗೆಯ ಜಿಡ್ಡೂ ಹೆಚ್ಚು.

ಜಿಡ್ಡಿನ ಪ್ರಮಾಣ ಮಾತ್ರವಲ್ಲ, ಗುಣವೂ ಮೇವನ್ನು ಅನುಸರಿಸುತ್ತದೆ. ಇದಕ್ಕೆ ನಮ್ಮ ದೇಶದ್ದೇ ಒಳ್ಳೆಯ ಉದಾಹರಣೆಯಿದೆ. ಹತ್ತಿಬೀಜ ಧಾರಾಳವಾಗಿ ತಿನ್ನಿಸುವ ಸೌರಾಷ್ಟ್ರ ಮತ್ತು ಮಧ್ಯಪ್ರದೇಶದ ಕೆಲವು ಭಾಗಗಳ ತುಪ್ಪ ಸಾಮಾನ್ಯ ಪರೀಕ್ಷೆಯಲ್ಲಿ ಕಲಬೆರಕೆಯಂತೆ ಕಾಣುತ್ತಿತ್ತು. ಅಲ್ಲಿನ ಶುದ್ಧ ತುಪ್ಪಕ್ಕೆ ಅನ್ಯಾಯವಾಗಬಾರದೆಂದು ಸರಕಾರ ಹತ್ತಿ ಪ್ರದೇಶದ ತುಪ್ಪಕ್ಕೇ ಬೇರೆ ಅಳತೆಗೋಲನ್ನು ಗೊತ್ತುಮಾಡಬೇಕಾಯಿತು.

ಅಯೋಡಿನ್ ಮಾಡಿದ ಉಪಕಾರ

ಲವಣಗಳಲ್ಲಿಯೂ ಮೇವಿನಿಂದ ಹಾಲಿಗೆ ಸಲೀಸಾಗಿ ದಾಟುವಂಥವು ಇವೆ. ಅವುಗಳಲ್ಲಿ ಮುಖ್ಯವಾದದ್ದು ಅಯೋಡಿನ್. ಇಂಗ್ಲೆಂಡಿನ ಡರ್ಬಿಶೈರಿನಲ್ಲಿ ಗಳಗಂಡ ಎಷ್ಟು ಸಾಮಾನ್ಯವಾಗಿತ್ತೆಂದರೆ ಅದಕ್ಕೆ ‘ಡರ್ಬಿಶೈರ್ ಕತ್ತು’ ಎಂದೇ ಹೆಸರಿತ್ತು. ಆ ದೇಶದಲ್ಲಿ ಉಪ್ಪಿಗೆ ಅಯೋಡಿನ್ ಸೇರಿಸುವುದನ್ನು ಕಡ್ಡಾಯ ಮಾಡಲಿಲ್ಲ. ಹಸುಗಳು ಚೆನ್ನಾಗಿ ಗಬ್ಬ ಕಟ್ಟಲೆಂದು 1930ರ ದಶಕದಿಂದೀಚೆಗೆ ಪಶು ಆಹಾರಕ್ಕೆ ಅಯೋಡಿನ್ ಸೇರಿಸಿದರು; ಕೆಚ್ಚಲು ತೊಳೆಯಲೂ ಅಯೋಡಿನ್ ದ್ರಾವಣ ಬಂತು. ಹಾಲಿನಲ್ಲಿ ಅಯೋಡಿನ್ ಏರಿತು, ಜನರ ಗಳಗಂಡ ಇಳಿಯಿತು. ಹಸುವಿಗೆಂದು ಮಾಡಿದ ಕೆಲಸ ಮನುಷ್ಯರಿಗೂ ಒದಗಿತು. ಆಸ್ಟ್ರೇಲಿಯದಲ್ಲಿ ಇದರ ಇನ್ನೊಂದು ಮುಖ ಕಂಡಿತು. ಡೈರಿಗಳು ಅಯೋಡಿನ್ ದ್ರಾವಣ ಬಿಟ್ಟು ಬೇರೆ ಔಷಧ ಹಿಡಿದಾಗ ಹಾಲಿನ ಅಯೋಡಿನ್ ಇಳಿದು, ಜನರಲ್ಲಿ ಕೊರತೆ ಮತ್ತೆ ತಲೆದೋರಿತು. 2009ರಲ್ಲಿ ಅಲ್ಲಿ ಬ್ರೆಡ್ಡಿಗೆ ಅಯೋಡಿನ್ ಉಪ್ಪು ಬಳಸುವುದನ್ನು ಕಡ್ಡಾಯ ಮಾಡಬೇಕಾಯಿತು.

ನಮ್ಮ ಚಿಕ್ಕಮಗಳೂರು, ಕೊಡಗು ಜಿಲ್ಲೆಗಳೂ ಸಮೀಕ್ಷೆಗಳಲ್ಲಿ ಗಳಗಂಡದ ಪ್ರದೇಶಗಳೆಂದು ಗುರುತಾದವು. ಮನೆಯವರು ಅಯೋಡಿನ್ ಉಪ್ಪು ತಿಂದರೂ ದನಕ್ಕೆ ಹಾಕುವ ಕಲ್ಲುಪ್ಪಿನಲ್ಲಿ ಸಾಮಾನ್ಯವಾಗಿ ಅಯೋಡಿನ್ ಇರುವುದಿಲ್ಲ. ಕರು ಸತ್ತು ಹುಟ್ಟುವುದು, ಕೂದಲಿಲ್ಲದೆ ಹುಟ್ಟುವುದು, ಗಂಟಲು ಊದಿಕೊಂಡಿರುವುದು ಇವು ತಾಯಿಗೆ ಅಯೋಡಿನ್ ಸಾಲದ ಲಕ್ಷಣಗಳು. ಸಾಸಿವೆ ಹಿಂಡಿ ಹೆಚ್ಚಾದರೆ ಅಯೋಡಿನ್ ಹಾಲಿಗೆ ದಾಟುವುದು ಕಡಿಮೆಯಾಗುತ್ತದೆ.

ಸೆಲೆನಿಯಂ ಕೂಡ ಇದೇ ಗುಂಪಿನದು. ಫಿನ್ಲೆಂಡ್ ದೇಶದ ಮಣ್ಣಿನಲ್ಲಿ ಅದು ಕಡಿಮೆಯಿದ್ದುದರಿಂದ 1985ರಿಂದ ರಸಗೊಬ್ಬರಕ್ಕೇ ಸೆಲೆನಿಯಂ ಬೆರೆಸಿದರು. ಅದು ಗೊಬ್ಬರದಿಂದ ಹುಲ್ಲಿಗೆ, ಹುಲ್ಲಿನಿಂದ ಹಸುವಿಗೆ, ಹಸುವಿನಿಂದ ಹಾಲಿಗೆ ಬಂತು. ಆದರೆ ಸ್ವಲ್ಪ ಹೆಚ್ಚಾದರೂ ಇದು ವಿಷ. ಪಂಜಾಬಿನ ನವಾನ್‌ಶಹರ್ ಸುತ್ತಿನ ಕೆಲವು ಹಳ್ಳಿಗಳಲ್ಲಿ ಮಣ್ಣಿನಲ್ಲಿ ಸೆಲೆನಿಯಂ ಹೆಚ್ಚಿ ದನಗಳ ಗೊರಸು ಕಳಚಿದ ಉದಾಹರಣೆಗಳಿವೆ. ಆದುದರಿಂದ ಇದನ್ನು ಬಿಡಿಯಾಗಿ ತಂದು ಕೊಡುವ ಸಾಹಸ ಬೇಡ.

ಕೋಬಾಲ್ಟಿನ ದಾರಿ ಬೇರೆ. ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಈ ಲೋಹದಿಂದ ಬಿ-12 ಜೀವಸತ್ವ ತಯಾರಿಸುತ್ತವೆ. ಸಸ್ಯಾಹಾರಿಗಳಾದ ನಮ್ಮಲ್ಲಿ ಅನೇಕರಿಗೆ ಬಿ-12 ದೊರೆಯುವ ಮುಖ್ಯ ದಾರಿ ಹಾಲು, ಮೊಸರು, ಮಜ್ಜಿಗೆಗಳೇ. ಒಂದು ಚಿಟಿಕೆಗಿಂತಲೂ ಕಡಿಮೆಯಾದ ಲೋಹ ಮಾಡುವ ಕೆಲಸ ಇದು.

ಕಬ್ಬಿಣ, ತಾಮ್ರ ದಾಟುವುದಿಲ್ಲ

ಕಬ್ಬಿಣ, ತಾಮ್ರ, ಸತು ಇವುಗಳಿಗೆ ಕೆಚ್ಚಲಿನ ಬಾಗಿಲು ಕಿರಿದು. ಹಸುವಿಗೆ ಎಷ್ಟು ಕಬ್ಬಿಣ ಕೊಟ್ಟರೂ ಹಾಲಿನಲ್ಲಿ ಲೀಟರಿಗೆ ಅರ್ಧ ಮಿಲಿಗ್ರಾಂ ಮೀರುವುದು ಅಪರೂಪ. ಆದುದರಿಂದ ಹಾಲೊಂದನ್ನೇ ನೆಚ್ಚಿ ಬೆಳೆದ ಮಗು ನೋಡಲು ದುಂಡಾಗಿದ್ದರೂ ರಕ್ತಹೀನವಾಗಿರಬಹುದು. ಮಗುವಿಗೆ ಕಬ್ಬಿಣ ರಾಗಿ, ಸೊಪ್ಪು, ಕಾಳುಗಳಿಂದ ಬರಬೇಕು. ನಮ್ಮ ಕೆಂಪು ಮಣ್ಣಿನ ಹುಲ್ಲಿನಲ್ಲಿ ಹಸುವಿಗೆ ಬೇಕಾದುದಕ್ಕಿಂತ ಹೆಚ್ಚು ಕಬ್ಬಿಣವಿದೆ. ಅದು ಅತಿಯಾದರೆ ತಾಮ್ರ ಮೈಗೆ ಹತ್ತದಂತೆ ಮಾಡುತ್ತದೆ. ಹೀಗಿರುವಾಗ ಕಬ್ಬಿಣದ ಟಾನಿಕ್ಕಿಗೆ ಹಣ ಹಾಕುವುದು ವ್ಯರ್ಥ.

ತಾಮ್ರ ಕಡಿಮೆಯಾದಾಗ ಕಪ್ಪು ಹಸುವಿನ ಕೂದಲು ಕಂದಾಗುತ್ತದೆ, ಬೆದೆ ತಪ್ಪುತ್ತದೆ. ಸತು ಕಡಿಮೆಯಾದರೆ ಗೊರಸು ಒಡೆಯುತ್ತದೆ, ಚರ್ಮ ಒರಟಾಗುತ್ತದೆ. ಇವ್ಯಾವುವೂ ಡೈರಿಯ ಚೀಟಿಯಲ್ಲಿ ಕಾಣುವುದಿಲ್ಲ. ಇನ್ನೊಂದು ಕಡೆ, ಕೊಳೆರೋಗಕ್ಕೆ ಬೋರ್ಡೋ ಹೊಡೆದ ತೋಟದ ಹುಲ್ಲನ್ನು ಕೂಡಲೇ ಕೊಯ್ದು ಹಾಕಿದರೆ ತಾಮ್ರ ಅತಿಯಾಗಿ ಯಕೃತ್ತಿನಲ್ಲಿ ಶೇಖರವಾಗುತ್ತದೆ. ಆಗಲೂ ಹಾಲು ಎಂದಿನಂತೆಯೇ ಇರುತ್ತದೆ. ಒಳ್ಳೆಯ ಒಂದೆರಡು ಮಳೆ ಬಿದ್ದು ಎಲೆ ತೊಳೆದ ಮೇಲೆ ಹುಲ್ಲು ಕೊಯ್ಯಬೇಕು. ಕುರಿ ಸಾಕಿದವರಿಗೆ ಈ ಮಾತು ಇನ್ನೂ ಮುಖ್ಯ. ತಾಮ್ರ ತಡೆದುಕೊಳ್ಳುವ ಶಕ್ತಿ ಕುರಿಗೆ ಬಹಳ ಕಡಿಮೆ.

ಬೇಡದ್ದೂ ಬರುತ್ತದೆ

ನಮ್ಮ ಮಳೆಗಾಲದಲ್ಲಿ ಹಿಂಡಿ, ಜೋಳದ ನುಚ್ಚುಗಳಿಗೆ ಬೂಷ್ಟು ಹಿಡಿಯುವುದು ಸಾಮಾನ್ಯ. ಕೆಲವು ಬಗೆಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ತಯಾರಿಸುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತು, ಕಾರಣ ಹುಡುಕಿದಾಗ ಬೂಷ್ಟು ಹಿಡಿದ ಶೇಂಗಾ ಹಿಂಡಿಯಲ್ಲಿ ಈ ವಿಷ ಮೊದಲು ಪತ್ತೆಯಾಯಿತು. ಹಸು ಅದನ್ನು ತಿಂದರೆ ಒಂದು ದಿನದೊಳಗೆ ಅದರ ಒಂದು ರೂಪ ಹಾಲಿಗೆ ಬರುತ್ತದೆ. ಹಾಲು ಕಾಯಿಸಿದರೂ ಹೋಗುವುದಿಲ್ಲ. ನಮ್ಮ ದೇಶದ ನಿಯಮದಂತೆ ಒಂದು ಕಿಲೋ ಹಾಲಿನಲ್ಲಿ ಅದು ಅರ್ಧ ಮೈಕ್ರೋಗ್ರಾಂ ಮೀರಬಾರದು. ‘ಮನುಷ್ಯರಿಗೆ ಆಗದು, ದನಕ್ಕೆ ಆದೀತು’ ಎಂದು ಬೂಷ್ಟು ಹಿಡಿದ ಹಿಂಡಿಯನ್ನು ಗೋದಲಿಗೆ ಸುರಿದರೆ ಮರುದಿನ ಅದು ನಮ್ಮ ಮಕ್ಕಳ ಲೋಟಕ್ಕೇ ಬರುತ್ತದೆ. ಹಿಂಡಿ ಚೀಲಗಳನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಅಟ್ಟಣಿಗೆಯ ಮೇಲಿಡಬೇಕು. ಆಷಾಢದಲ್ಲಿ ತಿಂಗಳಿಗಾಗುವಷ್ಟು ಒಮ್ಮೆಲೇ ತರದೆ ಹತ್ತು ಹದಿನೈದು ದಿನಕ್ಕಾಗುವಷ್ಟು ತಂದರೆ ಒಳ್ಳೆಯದು.

ನಾವು ಮಾಡಬೇಕಾದದ್ದು

ಲವಣ ಮಿಶ್ರಣವನ್ನು ಹಾಲಿಗಾಗಿ ಅಲ್ಲ, ಹಸುವಿಗಾಗಿ ಕೊಡಬೇಕು. ಹಾಲು ಕೊಡುವ ಹಸುವಿಗೆ ದಿನಕ್ಕೆ 50 ಗ್ರಾಂ, ಬೆಳೆಯುವ ಕರು, ಕಡಸುಗಳಿಗೆ 20ರಿಂದ 25 ಗ್ರಾಂ ಸಾಮಾನ್ಯ ಪ್ರಮಾಣ. ಇದಲ್ಲದೆ ಹಸುವಿಗೆ 30 ಗ್ರಾಂನಷ್ಟು ಉಪ್ಪು. ಅದು ಅಯೋಡಿನ್ ಸೇರಿಸಿದ್ದಾದರೆ ಮೇಲು. ಹಿಂಡಿಯೊಂದಿಗೆ ಚೆನ್ನಾಗಿ ಬೆರೆಸಬೇಕು. ದಿನವೂ ಕೊಡಬೇಕು, ನೆನಪಾದಾಗ ಒಂದು ಹಿಡಿ ಹಾಕಿದರೆ ಫಲವಿಲ್ಲ. ಗಬ್ಬದ ಕೊನೆಯ ಮೂರು ವಾರಗಳ ಪ್ರಮಾಣವನ್ನು ವೈದ್ಯರನ್ನು ಕೇಳಿ ನಿರ್ಧರಿಸಿ. ಹಸುವೊಂದಕ್ಕೆ ವರ್ಷಕ್ಕೆ ಬೇಕಾಗುವುದು ಸುಮಾರು 18 ಕಿಲೋ.

ಕೊಳ್ಳುವಾಗ ಚೀಲದ ಮೇಲಿನ ಬರಹ ಓದಿ. ಭಾರತೀಯ ಮಾನಕ ಐ.ಎಸ್. 1664ರ ಉಲ್ಲೇಖವಿದೆಯೇ, ರಂಜಕ ಎಷ್ಟಿದೆ ಎಂದು ನೋಡಿ. ಉಪ್ಪು ಸೇರಿಸದ ಬಗೆಗೆ ಆ ಮಾನಕದ 2002ರ ಆವೃತ್ತಿ ಕೇಳಿದ್ದು ನೂರಕ್ಕೆ 12ರಷ್ಟು ರಂಜಕ. ಬೆಲೆ ತೀರ ಕಡಿಮೆಯಿರುವ ಮಿಶ್ರಣಗಳಲ್ಲಿ ಬರಿಯ ಸುಣ್ಣದ ಪುಡಿಯೇ ಹೆಚ್ಚಿರುವುದುಂಟು. ದುಬಾರಿಯಾದ ರಂಜಕ, ತಾಮ್ರ, ಸತುಗಳಲ್ಲೇ ಕಡಿತವಾಗಿರುತ್ತದೆ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯವರು ಯಾವ ಪ್ರದೇಶದ ಮಣ್ಣು, ಮೇವುಗಳಲ್ಲಿ ಯಾವ ಲವಣ ಕಡಿಮೆ ಎಂದು ಪರೀಕ್ಷಿಸಿ, ಅದಕ್ಕೆ ತಕ್ಕ ಪ್ರದೇಶವಾರು ಮಿಶ್ರಣಗಳ ಬಗ್ಗೆ ಕೆಲಸ ಮಾಡಿದ್ದಾರೆ. ಮಣ್ಣು ಪರೀಕ್ಷೆ ಮಾಡಿಸಿ ಗೊಬ್ಬರ ಹಾಕುವಂತೆಯೇ ಇದು. ಪಶುವೈದ್ಯರನ್ನು ವಿಚಾರಿಸಿ ನಮ್ಮ ಪ್ರದೇಶಕ್ಕೆ ಹೊಂದುವುದನ್ನು ಆರಿಸುವುದು ಉತ್ತಮ.

ಲಾಭ ನಷ್ಟಗಳ ಲೆಕ್ಕವನ್ನು ಹಾಲಿನ ಚೀಟಿಯಲ್ಲಿ ಹುಡುಕದೆ ಗಬ್ಬದ ಲೆಕ್ಕದಲ್ಲಿ ಹುಡುಕಿ. ಒಂದು ಬೆದೆ ತಪ್ಪಿದರೆ 21 ದಿನ ಹೋಯಿತು. ಮೂರು ಬೆದೆ ತಪ್ಪಿದರೆ ಎರಡು ತಿಂಗಳ ಮೇವು, ಹಿಂಡಿ, ಆಳಿನ ಖರ್ಚು ಮೈಮೇಲೆ ಬಂತು. ಕೊಟ್ಟಿಗೆಯ ಗೋಡೆಗೆ ಒಂದು ಕ್ಯಾಲೆಂಡರ್ ತೂಗುಹಾಕಿ ಕರು ಹಾಕಿದ ದಿನ, ಬೆದೆಯ ದಿನ, ಸೂಜಿ ಹಾಕಿಸಿದ ದಿನಗಳನ್ನು ಗುರುತು ಮಾಡುತ್ತ ಬನ್ನಿ. ಒಂದು ವರ್ಷದ ಗುರುತುಗಳನ್ನು ನೋಡಿದರೆ ನಿಮ್ಮ ಹಸು ಸವೆಯುತ್ತಿದೆಯೋ ಚೇತರಿಸಿಕೊಳ್ಳುತ್ತಿದೆಯೋ ಎಂದು ನಿಮಗೇ ತಿಳಿಯುತ್ತದೆ.

ಹಸುವಿಗೆ ಕೊಟ್ಟ ಲವಣದಲ್ಲಿ ಹಾಲಿಗೂ ಮೈಗೂ ಸೇರದೆ ಉಳಿದದ್ದು ಹಾಳಾಗುವುದಿಲ್ಲ. ಸೆಗಣಿ, ಗಂಜಲಗಳ ಮೂಲಕ ಗೊಬ್ಬರದ ಗುಂಡಿಗೆ, ಅಲ್ಲಿಂದ ಅಡಿಕೆ ಮರದ ಬುಡಕ್ಕೆ, ಕಾಫಿ ಗಿಡದ ಬೇರಿಗೆ ಅದು ಸೇರುತ್ತದೆ. ಮಳೆ ತೊಳೆದು ಕೊಂಡೊಯ್ದುದರಲ್ಲಿ ಸ್ವಲ್ಪವನ್ನಾದರೂ ಹೀಗೆ ನಮ್ಮ ಮಣ್ಣಿಗೆ ಹಿಂದಿರುಗಿಸಿದಂತಾಗುತ್ತದೆ. ಸದಸ್ಯ ಬಾಂಧವರು ಈ ಮಳೆಗಾಲ ಕಳೆಯುವುದರೊಳಗೆ ತಮ್ಮ ಕೊಟ್ಟಿಗೆಯ ಮೇವು, ಲವಣಗಳ ಲೆಕ್ಕವನ್ನು ಒಮ್ಮೆ ನೋಡಿಕೊಳ್ಳಬೇಕೆಂದು ವಿನಂತಿ.